ಎಲ್ಲರೂ ಉಷ್ಣ ಎಂದರು

ಈ ರೋಗಕ್ಕೆ ನಾನು ತೆತ್ತ ಬೆಲೆಯನ್ನು ಮೊದಲೇ ಹೇಳಿಬಿಡುತ್ತೇನೆ. ಬೆಲೆ ಮುಚ್ಚಿಟ್ಟು ಮಾಲು ತೋರಿಸುವುದು ನನ್ನ ಪದ್ಧತಿಯಲ್ಲ. ಒಂದು ಪೂರಾ ಹುಣಸೆ ಸುಗ್ಗಿ ಹೋಯಿತು. ಗಂಡನ ಪಕ್ಕ ಮಲಗುವ ಸುಖ ಹೋಯಿತು. ಕರುಳು ಮೊದಲಿನ ಹಾಗಿಲ್ಲ. ಯಾವ ಊರಿಗೆ ಹೋದರೂ ಶೌಚಾಲಯ ಎಲ್ಲಿದೆ ಎಂದು ಮೊದಲು ನೋಡಿಕೊಳ್ಳುತ್ತೇನೆ. ಇಷ್ಟೆಲ್ಲ ಹೋದದ್ದು ಒಂದೇ ಒಂದು ಮಾತನ್ನು ನಂಬಿ.

ಉಷ್ಣ.

ನಾನು ಕೊಟ್ಟೂರಿನವಳು. ಗುಡೇಕೋಟೆ ಕಡೆಯ ಹುಣಸೆ ಮರಗಳನ್ನು ಕಾಯಿ ಹಸಿರಿರುವಾಗಲೇ ಗುತ್ತಿಗೆ ಹಿಡಿದು, ಹಣ್ಣು ಉದುರಿಸಿ ತಂದು, ಮನೆಯ ಹಿಂದಿನ ಶೆಡ್ಡಿನಲ್ಲಿ ಹೆಂಗಸರಿಂದ ಬೀಜ ತೆಗೆಸಿ ಮಾರುವುದು ನನ್ನ ವ್ಯಾಪಾರ. ಯಾರೂ ಕೈಹಿಡಿದು ಕಲಿಸಿದ್ದಲ್ಲ. ಮರದ ಕೆಳಗೆ ನಿಂತು ಕತ್ತೆತ್ತಿ ನೋಡಿದರೆ ಎಷ್ಟು ಹಣ್ಣು ಇಳಿಯುತ್ತದೆ ಎಂದು ಹೇಳಬಲ್ಲೆ. ನನ್ನ ಮೈಯೊಳಗಿನದು ಮಾತ್ರ ತಿಳಿಯಲಿಲ್ಲ.

ಮುಟ್ಟು ನಿಂತು ಮೂರು ವರ್ಷವಾಗಿತ್ತು. ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ಎದ್ದು ನಿಂತಾಗ ಸೀರೆಯ ಹಿಂದೆ ರಕ್ತದ ಕಲೆ. ಮೊದಲು ನೋಡಿದವಳು ನೆಗೆಣ್ಣಿ ಕೊಟ್ರಮ್ಮ, ನನ್ನ ಮೈದುನನ ಹೆಂಡತಿ.

"ಏನಕ್ಕಾ, ಮತ್ತ ಹರೇ ಬಂತೇನು ನಿನಗ? ಭಾವಾರಿಗೆ ಹೇಳ್ಲ್ಯಾ? ಹೊಸಾ ಸೀರಿ ತರ್ತಾರ!"

ಶೆಡ್ಡೆಲ್ಲ ನಕ್ಕಿತು. ನಾನೂ ನಕ್ಕೆ.

"ಏ, ಉಷ್ಣ ಅದು. ದಿನಾ ಹುಣಸಿಹಣ್ಣಿನಾಗ ಕುಂತ್ರ ಇನ್ನೇನಾಗ್ತೈತಿ?" ಎಂದಳು ಕೆಲಸದವರಲ್ಲಿ ಹಿರಿಯಳು.

ನಮ್ಮ ಕಸುಬಿನಲ್ಲಿ ಈ ಮಾತಿಗೆ ಎದುರಿಲ್ಲ. ಬೆರಳು ಸೀಳಿದರೆ ಹುಣಸೆಯ ಉಷ್ಣ, ಬಾಯಿ ಹುಣ್ಣಾದರೆ ಉಷ್ಣ, ಉಚ್ಚೆ ಉರಿದರೆ ಉಷ್ಣ. ಎಷ್ಟೋ ಸಲ ಅದು ನಿಜವೋ ಏನೋ, ಮಜ್ಜಿಗೆ ಕುಡಿದರೆ ವಾಸಿಯೂ ಆಗುತ್ತಿತ್ತು. ಹಾಗಾಗಿ ನಾನೂ ಮಜ್ಜಿಗೆ ಕುಡಿದೆ. ಕಾಮಕಸ್ತೂರಿ ಬೀಜ ನೆನೆಸಿ ಕುಡಿದೆ. ನೆತ್ತಿಗೆ ಹರಳೆಣ್ಣೆ ಒತ್ತಿಸಿಕೊಂಡೆ. ಔಷಧಿ ಅಂಗಡಿಯವನು ಕೊಟ್ಟ ಗುಳಿಗೆಗೆ ಒಂದು ವಾರ ನಿಂತು ಮತ್ತೆ ಶುರುವಾಯಿತು. ಗಂಡನ ಜೊತೆ ಮಲಗಿದ ಮರುದಿನ ಜಾಸ್ತಿ ಹೋಗುತ್ತಿತ್ತು. ಅದನ್ನು ಯಾರ ಮುಂದೆ ಹೇಳುವುದು?

ಇದರ ಹಿಂದಿನ ವರ್ಷವೇ ನಮ್ಮ ಓಣಿಯ ಶಾಲೆಯಲ್ಲಿ ಆರೋಗ್ಯ ಶಿಬಿರವಾಗಿತ್ತು. ಹೋಗಿದ್ದೆ. ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು, ಬೆರಳು ಚುಚ್ಚಿ ಶುಗರ್ ನೋಡಿದರು, ಬಾಯಿ ತೆರೆಸಿ ಟಾರ್ಚು ಬಿಟ್ಟರು. "ಎಲ್ಲಾ ಆತು, ಹೋಗ್ರಿ" ಎಂದರು. ಕೆಳಗೆ ನೋಡುವ ಪರೀಕ್ಷೆಯೊಂದಿದೆ, ಮೂವತ್ತು ದಾಟಿದ ಹೆಂಗಸರಿಗೆಲ್ಲ ಅದನ್ನು ಮಾಡಬೇಕು ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೂ ಅಲ್ಲಿ ಮಲಗಿಸಲು ಟೇಬಲ್ ಇರಲಿಲ್ಲ, ಮರೆಗೆ ಪರದೆ ಇರಲಿಲ್ಲ. ನಾನು ಮಾತ್ರ "ಎಲ್ಲಾ ಆತು" ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತೆ.

ಕೊನೆಗೆ ವಾಸನೆ ಬಂತು. ಹುಳಿತ ಹಣ್ಣನ್ನು ಚೀಲ ಬಿಚ್ಚದೆ ಮೂಗಿನಲ್ಲೇ ಹಿಡಿಯುವವಳು ನಾನು. ಇದು ಬೇರೆಯದೆಂದು ತಿಳಿಯಿತು. ಗಂಡನನ್ನು ಕರೆದುಕೊಂಡು ದಾವಣಗೆರೆಗೆ ಹೋದೆ. ಲೇಡಿ ಡಾಕ್ಟರ್ ಪರೀಕ್ಷೆ ಮಾಡಿ ಕೈಗವಸು ಬಿಚ್ಚುತ್ತಾ, "ಇಷ್ಟು ದಿನ ಯಾರೂ ಒಳಗೆ ನೋಡ್ಲಿಲ್ವಾ?" ಎಂದರು.

"ಎಲ್ಲಾ ನೋಡ್ಯಾರ್ರಿ ಮೇಡಮ್. ಬಿಪಿ, ಶುಗರ್..."

ಅವರು ಮತ್ತೆ ಕೈಗವಸು ಹಾಕಿಕೊಂಡರು. ಬಯಾಪ್ಸಿ ತೆಗೆದರು, ಸ್ಕ್ಯಾನ್ ಬರೆದುಕೊಟ್ಟರು. ರಿಪೋರ್ಟು ಬಂತು.

ಸರ್ವೈಕಲ್ ಕ್ಯಾನ್ಸರ್, ಅಂದರೆ ಗರ್ಭಕೋಶದ ಬಾಯಿಯದು. ಸ್ಟೇಜ್ ಟೂ ಬಿ, ಬಾಯಿ ದಾಟಿ ಪಕ್ಕಕ್ಕೆ ಹಬ್ಬಿದೆ.

ಗಂಡ ರಿಪೋರ್ಟನ್ನು ತಿರುಗಿಸಿ ತಿರುಗಿಸಿ ನೋಡಿದ. ನಾನು ಚೌಕಾಸಿಗೆ ಕೂತೆ. ನನಗೆ ಬರುವ ವಿದ್ಯೆ ಅದೊಂದೇ.

"ನೂರು ಮಂದ್ಯಾಗ ಎಷ್ಟು ಮಂದಿ ಉಳೀತಾರ್ರಿ?"

"ಟ್ರೀಟ್‌ಮೆಂಟ್ ಪೂರ್ತಿ ಮಾಡಿದ್ರೆ ಅರ್ಧಕ್ಕಿಂತ ಹೆಚ್ಚು ಜನ ಐದು ವರ್ಷ ದಾಟ್ತಾರೆ."

"ಮೊದಲ ಬಂದಿದ್ರ?"

"ಸ್ಕ್ರೀನಿಂಗ್ ಮಾಡಿಸಿದ್ರೆ ಕ್ಯಾನ್ಸರ್ ಆಗೋ ಮುಂಚೆನೇ ಸಿಗ್ತಿತ್ತಮ್ಮ. ಚಿಕ್ಕ ಚಿಕಿತ್ಸೆ. ಅವತ್ತೇ ಮನೆಗೆ ಹೋಗ್ತಿದ್ರಿ."

ಬಿಡಲಿಲ್ಲ, ಇನ್ನೊಂದು ಕೇಳಿದೆ. ಈ ಪರೀಕ್ಷೆ ಮಾಡಿಸಿಕೊಂಡವರು ದೇಶದಲ್ಲಿ ಎಷ್ಟು ಮಂದಿ? ರಾಷ್ಟ್ರೀಯ ಸಮೀಕ್ಷೆಯ ಲೆಕ್ಕದಲ್ಲಿ ನೂರು ಹೆಂಗಸರಿಗೆ ಇಬ್ಬರೂ ಇಲ್ಲ ಎಂದರು. ಇದರಿಂದ ಸಾಯುವವರು? ವರ್ಷಕ್ಕೆ ಎಪ್ಪತ್ತು ಸಾವಿರಕ್ಕೂ ಮೇಲೆ.

ನಮ್ಮ ವ್ಯಾಪಾರದಲ್ಲಿ ಎರಡು ಚೀಲ ಬಿಚ್ಚಿ ನೋಡಿ ನೂರು ಚೀಲದ ದರ ಕಟ್ಟುತ್ತೇವೆ. ಹಣ್ಣಿಗೆ ಅದು ನಡೆಯುತ್ತದೆ. ಹೆಂಗಸರ ಮೈಯನ್ನು ಹಾಗೆ ಲಾಟು ಕಟ್ಟಿ ನೋಡಲಾಗದು. ಒಬ್ಬಳದು ಚೆನ್ನಾಗಿದ್ದರೆ ಪಕ್ಕದವಳದಕ್ಕೆ ಅದು ಖಾತ್ರಿಯಲ್ಲ. ಬಿಚ್ಚಿ ನೋಡದೆ ಉಳಿದ ಚೀಲಗಳು ನಾವು. ಸತ್ತ ಮೇಲೆ ಮಾತ್ರ ನಮ್ಮನ್ನು ಒಬ್ಬೊಬ್ಬರಾಗಿ ಎಣಿಸುತ್ತಾರೆ.

ರೇಡಿಯೇಷನ್ ಹುಬ್ಬಳ್ಳಿಯಲ್ಲಿ. ವಾರಕ್ಕೊಮ್ಮೆ ಕೀಮೋ. ಸರ್ಕಾರದ ಕಾರ್ಡಿನಲ್ಲಿ ನಡೆಯಿತು, ಇಲ್ಲವೆನ್ನುವುದಿಲ್ಲ. ಆದರೆ ಹೊಟ್ಟೆಯೊಳಗೆ ಕೆಂಡ ಸುರಿದಂತೆ ಉರಿಯುವಾಗ ಕಾರ್ಡು ತಣ್ಣಗೆ ಮಾಡುವುದಿಲ್ಲ. ಅನ್ನ ಕಂಡರೆ ವಾಕರಿಕೆ. ಕೊನೆಯಲ್ಲಿ ಬ್ರಾಕಿಥೆರಪಿ ಎಂದು ಒಳಗೇ ಕೊಳವೆ ಇಟ್ಟು ರೇಡಿಯೇಷನ್ ಕೊಟ್ಟರು. ಅದನ್ನು ಬರೆಯಲು ನನಗೆ ಮನಸ್ಸಿಲ್ಲ.

ಪಕ್ಕದ ಹಾಸಿಗೆಯಲ್ಲಿ ನೀಲಗುಂದದ ಹನುಮಕ್ಕ ಇದ್ದಳು. ಕೂಲಿಗೆ ಹೋಗುತ್ತಿದ್ದವಳು. ನನಗಿಂತ ಚಿಕ್ಕವಳು.

"ನನಗ ಬರೇ ಬಿಳಿಸೆರಗು ಅಂದಿದ್ರಬೇ. ಬಿಸಲಾಗ ಮೆಕ್ಕಿಜೋಳ ಮುರೀತಿ, ಉಷ್ಣ ಅಂದ್ರು. ಮಜ್ಜಿಗಿ ಕುಡದ್ ಕುಡದ್ ಶೀತ ಆತು, ಇದು ಹೋಗ್ಲಿಲ್ಲ" ಎಂದು ನಗುತ್ತಿದ್ದಳು. ಅವಳದು ಮೂತ್ರಪಿಂಡದವರೆಗೆ ಮುಟ್ಟಿತ್ತು. ಒಂದು ಬೆಳಿಗ್ಗೆ ನಾನು ರೇಡಿಯೇಷನ್ ಮುಗಿಸಿ ಬರುವಷ್ಟರಲ್ಲಿ ಆ ಹಾಸಿಗೆಗೆ ಬೇರೆ ಚಾದರ ಹಾಕಿದ್ದರು.

ನಾನು ಉಳಿದೆ. ಈಚಿನ ಸ್ಕ್ಯಾನಿನಲ್ಲಿ ಏನೂ ಕಾಣುತ್ತಿಲ್ಲ ಎಂದಿದ್ದಾರೆ. ವಾಸಿಯಾಯಿತು ಎಂಬ ಮಾತನ್ನು ಡಾಕ್ಟರ್ ಇನ್ನೂ ಕೊಟ್ಟಿಲ್ಲ, ನಾನೂ ಕೇಳಿಲ್ಲ. ಬೆಳಿಗ್ಗೆ ಎದ್ದು ಶೆಡ್ಡಿನ ಬಾಗಿಲು ತೆಗೆಯುವಾಗ ಇಷ್ಟಾದರೂ ಸಿಕ್ಕಿತಲ್ಲ ಎನ್ನಿಸುತ್ತದೆ, ಅಷ್ಟೇ.

ಹೋದ ಸಲದ ಚೆಕಪ್ಪಿಗೆ ಕೊಟ್ರಮ್ಮನನ್ನು ಜೊತೆಗೆ ಕರೆದೊಯ್ದೆ. ಆಸ್ಪತ್ರೆಯಲ್ಲಿ ಅವಳ ಹೆಸರನ್ನೂ ಬರೆಸಿದೆ.

"ನನಗ್ಯಾಕಬೇ ಅಕ್ಕಾ? ನನಗೇನಾಗೈತಿ?"

"ಏನೂ ಆಗಿಲ್ಲ ಅಂತ ನೀ ಹೇಳಬ್ಯಾಡ. ಅವ್ರು ನೋಡಿ ಹೇಳ್ಲಿ. ನಡಿಯಲೇ."

ಬೈಯುತ್ತಾ ಒಳಗೆ ಹೋದಳು. ಸೆರಗು ಸರಿಮಾಡಿಕೊಳ್ಳುತ್ತಾ ಹೊರಗೆ ಬಂದಳು. "ಇಷ್ಟ ಏನು?" ಎಂದಳು. ಗರ್ಭಕೋಶದ ಬಾಯಿಯಲ್ಲಿ ಬಿಳಿ ಮಚ್ಚೆ ಸಿಕ್ಕಿತ್ತು. ಕ್ಯಾನ್ಸರಲ್ಲ, ಮುಂದೆ ಆಗಬಹುದಾದದ್ದು. ಸುಟ್ಟು ತೆಗೆದು ಅವತ್ತೇ ಕಳಿಸಿದರು. ಬಸ್ಸಿನಲ್ಲಿ ಹರಪನಹಳ್ಳಿ ದಾಟುವವರೆಗೆ ಅವಳು ನನ್ನ ಕೈ ಬಿಡಲಿಲ್ಲ. ನನಗೆ ಸಂತೋಷವಾಯಿತು, ಹೊಟ್ಟೆಕಿಚ್ಚೂ ಆಯಿತು. ಎರಡೂ ನಿಜ.

ಓದುವ ತಾಯಂದಿರೇ, ಕೇಳದೆ ಸಲಹೆ ಕೊಡುವುದು ನನ್ನ ಚಾಳಿ, ಸಹಿಸಿಕೊಳ್ಳಿ. ಮೂವತ್ತು ದಾಟಿದ್ದರೆ ಮುಟ್ಟಿಲ್ಲದ ದಿನ ನೋಡಿ ಸರ್ಕಾರಿ ಆಸ್ಪತ್ರೆಗೆ ಹೋಗಿ. ಬಿಪಿ, ಶುಗರ್ ನೋಡಿ ಏಳಿ ಎಂದರೆ ಏಳಬೇಡಿ. "ಗರ್ಭಕೋಶದ ಬಾಯಿ ನೋಡ್ರಿ" ಎಂದು ಬಾಯಿಬಿಟ್ಟು ಕೇಳಿ. ಇವತ್ತು ಆಗುವುದಿಲ್ಲ ಎಂದರೆ ಯಾವತ್ತು ಆಗುತ್ತದೆ, ಯಾರು ಮಾಡುತ್ತಾರೆ ಎಂದು ಹೇಳಿಸಿಕೊಂಡೇ ಎದ್ದು ಬನ್ನಿ. ಮನೆಯಲ್ಲಿ ಹುಡುಗಿಯರಿದ್ದರೆ ಇದನ್ನು ತಡೆಯುವ ಲಸಿಕೆಯ ವಿಚಾರ ಅಲ್ಲೇ ಕೇಳಿ. ಮುಟ್ಟು ನಿಂತ ಮೇಲೆ ಒಂದು ಹನಿ ಕಂಡರೂ, ಗಂಡನ ಜೊತೆ ಮಲಗಿದಾಗ ರಕ್ತ ಕಂಡರೂ, ಶಿಬಿರಕ್ಕೆ ಕಾಯದೆ ನೇರ ಹೆರಿಗೆ ಡಾಕ್ಟರ ಹತ್ತಿರ ನಡೆಯಿರಿ. ಒಬ್ಬರೇ ಹೋಗಲು ಅಂಜಿಕೆಯಾದರೆ ಇನ್ನೊಬ್ಬಳನ್ನು ಕರೆದುಕೊಳ್ಳಿ. ಅವಳನ್ನು ಬರೀ ಚೀಲ ಕಾಯಲು ಹೊರಗೆ ಕೂರಿಸಬೇಡಿ. ಅವಳ ಹೆಸರನ್ನೂ ಬರೆಸಿ.