ಹಾರ್ನ್ ಹೊಡೆಸಿದ್ದು ನಾನೇ

ಸ್ನೇಹಿತರೇ, ಇವತ್ತು ಮಧ್ಯಾಹ್ನ ಶಿರಾಳಕೊಪ್ಪದಲ್ಲಿ ನಡುಬೀದಿ ಜಗಳ ಆಡಿದೆ. ಬೇಜಾರೇನಿಲ್ಲ.

ನನ್ನ ಟೈಲರ್ ಅಂಗಡಿ ಮುಂದೆ ಸುಡುಬಿಸಿಲಲ್ಲಿ ಒಂದು ಕಾರು ನಿಂತಿತ್ತು. ಇಂಜಿನ್ ಬಂದ್, ಗಾಜೆಲ್ಲ ಮುಚ್ಚಿತ್ತು. ಒಳಗೆ ನಾಲ್ಕು ವರ್ಷದ ಹುಡುಗಿ, ಪಕ್ಕದಲ್ಲಿ ಅಳುತ್ತಿದ್ದ ಪುಟ್ಟ ತಮ್ಮ. ಬಾಗಿಲು ಎಳೆದರೆ ಲಾಕ್. ಹುಡುಗಿಗೂ ತೆಗೆಯಲು ಬರಲಿಲ್ಲ. ಸ್ಟೇರಿಂಗ್ ತೋರಿಸಿ, ಒತ್ತು ಅಂತ ಸನ್ನೆ ಮಾಡಿದೆ. ಜಾಣೆ, ಮುಂದಿನ ಸೀಟಿಗೆ ದಾಟಿ ಎರಡೂ ಕೈಯಲ್ಲಿ ಹಾರ್ನ್ ಒತ್ತಿ ಹಿಡಿದಳು. ಇಡೀ ಬೀದಿ ತಿರುಗಿ ನೋಡಿತು.

ಎದುರಿನ ಬೇಕರಿಯಿಂದ ಮಕ್ಕಳ ಅಪ್ಪ ಓಡಿ ಬಂದ. ಬಾಗಿಲು ತೆಗೆದವನೇ ಮಗಳಿಗೆ ಗದರಿದ: “ಹಾರ್ನ್ ಮುಟ್ಟಬೇಡ ಅಂದಿದ್ನಲ್ಲ!”

“ಅವಳಿಗೆ ಬೈಬೇಡ್ರಿ, ಹೊಡಿ ಅಂದಿದ್ದು ನಾನು.”

“ಏನ್ರೀ ನೀವು, ಎರಡು ನಿಮಿಷ ಹೋಗಿದ್ದಕ್ಕೆ...”

“ಮೊದಲು ಮಗು ಮುಟ್ಟಿ ನೋಡ್ರಿ.”

ಎತ್ತಿಕೊಂಡ. ಮಗುವಿನ ಅಂಗಿ ಹಿಂಡುವಷ್ಟು ಬೆವರಲ್ಲಿ ನೆನೆದಿತ್ತು, ಮುಖ ಕೆಂಪಾಗಿತ್ತು. ಅವನು ಗಾಬರಿಯಾಗಿ ಆ ಅಂಗಿಯ ಗುಂಡಿ ಬಿಚ್ಚತೊಡಗಿದ. ಮಕ್ಕಳಿಬ್ಬರನ್ನೂ ಅಂಗಡಿಯ ಫ್ಯಾನ್ ಕೆಳಗೆ ಕೂರಿಸಿ ನೀರು ಕುಡಿಸಿದೆ. ಮಗು ಅಳು ನಿಲ್ಲಿಸಿದ ಮೇಲೆ ಅವನಿಗೆ ಮತ್ತೆ ಧೈರ್ಯ ಬಂತು. ಜನ ಬೇರೆ ಸೇರಿದ್ದರಲ್ಲ.

“ಈಗೇನ್ರೀ, ಪೊಲೀಸರಿಗೆ ಹೇಳ್ತೀರಾ? ಹೇಳ್ರಿ!”

“ಪೊಲೀಸರು ಯಾಕ್ರೀ? ಇವರಮ್ಮಂಗೆ ಹೇಳ್ತೀನಿ, ನಂಬರ್ ಕೊಡ್ರಿ.”

“ಅಕ್ಕಾ, ಅದೊಂದು ಬೇಡ ಅಕ್ಕಾ. ಇನ್ಮೇಲೆ ಬಿಟ್ಟು ಹೋಗಲ್ಲ.”

ಅಲ್ಲಿತನಕ ‘ಏನ್ರೀ’ ಆಗಿದ್ದವಳು ನಾನು. ಒಂದು ಫೋನ್ ನಂಬರ್ ಕೇಳಿದ್ದಕ್ಕೆ ಅಕ್ಕ ಆಗಿಬಿಟ್ಟೆ ನೋಡಿ!