ಬಾರ್ಬಡೋಸಿಗೊಂದು ಪ್ರದಕ್ಷಿಣೆ

ನನ್ನ ಹೆಂಡತಿ ವಿಮಲಾ ಕಾರು ಓಡಿಸುವಾಗ ನಾನು ಹಿಂದಿನ ಸೀಟಿನಲ್ಲಿ ಕೂರುತ್ತೇನೆ. ಮುಂದಿನ ಸೀಟಿನಲ್ಲಿ ಸಾಮಾನ್ಯವಾಗಿ ತರಕಾರಿ ಚೀಲ ಕೂತಿರುತ್ತದೆ. ಡೆಟ್ರಾಯಿಟ್ ಪಕ್ಕದ ನಾರ್ತ್‌ವಿಲ್‌ನ ನಮ್ಮ ಬೀದಿಯವರು ಮೊದಮೊದಲು ನಾವು ಜಗಳವಾಡಿದ್ದೇವೆ ಎಂದುಕೊಂಡರು. ಎದುರು ಮನೆಯ ಮುದುಕರು ಒಮ್ಮೆ ಗುಟ್ಟಾಗಿ, ಇದು ನಿಮ್ಮ ಧರ್ಮದ ಕಟ್ಟಳೆಯೇ ಎಂದು ಕೇಳಿದರು. ಹೌದು ಎಂದುಬಿಟ್ಟೆ. ನಿಜ ಹೇಳಬೇಕಾದರೆ ಒಂದು ದ್ವೀಪದ ಕಥೆಯನ್ನೇ ಹೇಳಬೇಕಾಗುತ್ತಿತ್ತು, ಅವರಿಗೆ ಹುಲ್ಲು ಕತ್ತರಿಸುವ ಕೆಲಸವಿತ್ತು. ನಿಮಗೆ ಪುರುಸೊತ್ತಿದ್ದರೆ ಕೇಳಿ.

ಎಪ್ಪತ್ತರ ದಶಕದ ಮಾತು. ನಾನು ಡೆಟ್ರಾಯಿಟ್‌ನ ಒಂದು ಕಾರು ಕಂಪನಿಯ ಸ್ಟೀರಿಂಗ್ ವಿಭಾಗದಲ್ಲಿ ಎಂಜಿನಿಯರ್. ಸ್ಟೀರಿಂಗ್ ಇಷ್ಟು ತಿರುಗಿಸಿದರೆ ಗಾಲಿ ಎಷ್ಟು ತಿರುಗಬೇಕು ಎಂದು ದಿನವಿಡೀ ತಲೆ ಕೆಡಿಸಿಕೊಳ್ಳುವವನು. ಮೈಸೂರಿನಲ್ಲಿದ್ದಷ್ಟು ಕಾಲ ನಾನು ಓಡಿಸಿದ್ದು ಸೈಕಲ್ ಮಾತ್ರ, ಅದಕ್ಕೂ ಬೆಲ್ ಇರಲಿಲ್ಲ ಎಂಬುದನ್ನು ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ವಿಮಲಾಳ ಕಥೆ ಬೇರೆ. ಅವಳು ತಿಪಟೂರಿನ ಡಾಕ್ಟರ ಮಗಳು. ಹದಿನೆಂಟಕ್ಕೇ ಲೈಸೆನ್ಸ್ ಮಾಡಿಸಿ, ಅಪ್ಪನನ್ನು ಅವರ ಹಳೇ ಕಾರಿನಲ್ಲಿ ಹಳ್ಳಿಹಳ್ಳಿಯ ರೋಗಿಗಳ ಮನೆಗೆ ಕರೆದೊಯ್ಯುತ್ತಿದ್ದವಳು. ಡಾಕ್ಟರು ಪಕ್ಕದಲ್ಲಿ ಕೂತು ಸೊಗಸಾಗಿ ನಿದ್ದೆ ಹೊಡೆಯುತ್ತಿದ್ದರಂತೆ. "ಆ ಡ್ರೈವಿಂಗ್ ಇಲ್ಲಿ ನಡೆಯಲ್ಲ ಕಣೇ. ಅಲ್ಲಿ ಟ್ರಾಫಿಕ್ ಅಂದ್ರೆ ಎಮ್ಮೆ" ಎಂದು ಅವಳು ಅಮೆರಿಕಕ್ಕೆ ಬಂದ ವಾರವೇ ನಾನು ತೀರ್ಪು ಕೊಟ್ಟಿದ್ದೆ.

ತೀರ್ಪು ನಿಜವೂ ಆಯಿತು. ಮಿಶಿಗನ್‌ನ ಡ್ರೈವಿಂಗ್ ಪರೀಕ್ಷೆಯಲ್ಲಿ ಅವಳು ಮೂರು ಸಲ ಫೇಲಾದಳು. ಪಾಠ ಹೇಳಿಕೊಟ್ಟ ಗುರು ಯಾರೆಂದು ಬೇರೆ ಹೇಳಬೇಕಾಗಿಲ್ಲವಷ್ಟೆ. "ಬ್ರೇಕ್! ಕನ್ನಡಿ ನೋಡು! ಬಲಕ್ಕೆ ಕಣೇ, ಬಲಕ್ಕೆ!" ಎಂದು ನಾನು ಕೂಗಿದಷ್ಟೂ ಕಾರು ಅಡ್ಡಾದಿಡ್ಡಿ ಓಡುತ್ತಿತ್ತು. "ಒಂದ್ ನಿಮಿಷ ಸುಮ್ನಿರ್ತೀರಾ?" ಎಂದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗಾದೆ ಬೇರೆ ಎಸೆಯುತ್ತಿದ್ದೆ. ಅವಳಿಗೆಂದು ತಂದ ಹಳೇ ಕಾರು ಮನೆಮುಂದೆ ಹಿಮ ಹೊದ್ದು ಮಲಗಿತ್ತು. ಡೆಟ್ರಾಯಿಟ್ ಕಡೆ ಕಾರಿಲ್ಲದವರಿಗೆ ಕಾಲಿಲ್ಲ. ನಾಲ್ಕು ವರ್ಷ ಅವಳು ಬೆಳಿಗ್ಗೆ ನನ್ನನ್ನು ಕಳಿಸಿ ಕಿಟಕಿಯಲ್ಲಿ ನಿಲ್ಲುತ್ತಿದ್ದಳು, ಸಂಜೆ ನಾನು ಬರುವಾಗಲೂ ಅಲ್ಲೇ ಇರುತ್ತಿದ್ದಳು.

ಅಷ್ಟರಲ್ಲಿ ಅವಳಿಗೆ ಹನ್ನೊಂದು ಮೈಲಿ ದೂರದ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಮಾರ್ಚಿನಲ್ಲಿ ಸೇರಬೇಕು. ಆ ಕಡೆಗೆ ಬಸ್ಸಿಲ್ಲ, ನನ್ನ ಆಫೀಸು ತದ್ವಿರುದ್ಧ ದಿಕ್ಕಿನಲ್ಲಿ. ಕೆಲಸದ ಪತ್ರವನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದ್ದಳು. ಮೂರನೆಯ ಸಲ ಫೇಲಾಗಿ ಬಂದ ದಿನ ಅದನ್ನು ಕಿತ್ತು ಡ್ರಾಯರಿಗೆ ಹಾಕಿದಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುವುದು ನನಗೆ ಗೊತ್ತಿತ್ತು.

ನನಗೆ ತೋಚಿದ ಉಪಾಯವೆಂದರೆ ಅವಳು ಅದನ್ನು ಮರೆಯುವಂತೆ ಮಾಡುವುದು. ಶಿಕಾಗೋದಲ್ಲಿದ್ದ ಧಾರವಾಡದ ಗೆಳೆಯನೊಬ್ಬ ಫೋನಿನಲ್ಲಿ ದಾರಿ ತೋರಿಸಿದ: "ಬಾರ್ಬಡೋಸ್‌ಕ ಹೋಗಿ ಬರ್ರಿ. ಇಷ್ಟೇ ಇಷ್ಟ್ ಅದ. ಮುಂಜಾನೆ ನಾಷ್ಟಾ ಮಾಡಿ ಕಾರ್ ಹತ್ತಿದ್ರ ಊಟದ ಹೊತ್ತಿಗೆ ಪೂರಾ ದೇಶಾನ ಸುತ್ತಿ ಬರಬಹುದು." ನಮಗೆ ಬಾರ್ಬಡೋಸ್ ಎಂದರೆ ರೇಡಿಯೋ ಕಾಮೆಂಟರಿಯಲ್ಲಿ ಭಯಂಕರ ಬೌಲರುಗಳು ಬರುವ ಕಡೆ, ಅಷ್ಟೇ. ದೇಶದ ಉದ್ದ ಇಪ್ಪತ್ತೊಂದೇ ಮೈಲಿ ಎಂದು ಓದಿ ನಕ್ಕೆ. ನಾನು ದಿನಾ ಆಫೀಸಿಗೆ ಅದಕ್ಕಿಂತ ದೂರ ಓಡಿಸುತ್ತಿದ್ದೆ.

ಆ ನಗುವಿಗೆ ಫಲ ಬೇಗ ಸಿಕ್ಕಿತು. ದ್ವೀಪದಲ್ಲಿ ಇಳಿದಾಗ ಬಾಡಿಗೆಗೆ ಸಿಕ್ಕಿದ್ದು ಬಾಗಿಲೇ ಇಲ್ಲದ, ಟಿನ್ ಡಬ್ಬಿಯಷ್ಟು ಪುಟ್ಟ ಕಾರು. ಸ್ಟೀರಿಂಗ್ ಬಲಗಡೆ. ಸ್ಟೀರಿಂಗ್ ಎಂಜಿನಿಯರನಾದ ನನಗೆ ಅದು ಬೇರೆ ಕಡೆಯೂ ಇರಬಹುದು ಎಂಬುದೇ ಮರೆತುಹೋಗಿತ್ತು. ಕೆಳಗೆ ನೋಡಿದರೆ ಎರಡರ ಜಾಗದಲ್ಲಿ ಮೂರು ಪೆಡಲು. ಡೆಟ್ರಾಯಿಟ್‌ನ ನನ್ನ ಕಾರಿನಲ್ಲಿ ಗೇರು ತಾನೇ ಬದಲಾಗುತ್ತಿತ್ತು, ಕ್ಲಚ್ಚನ್ನು ನಾನು ಚಿತ್ರದಲ್ಲಿ ಮಾತ್ರ ನೋಡಿದ್ದೆ. ವಿಮಲಾ ಪಕ್ಕದಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸಮುದ್ರ ನೋಡುತ್ತಿದ್ದಳು. ಗಂಡಸಾದವನು ಬಾಯಿಬಿಟ್ಟು ಹೇಳುವುದು ಹೇಗೆ? ಹೊರಟೆ.

ಕಾರು ಕಪ್ಪೆಯಂತೆ ಕುಪ್ಪಳಿಸುತ್ತ ಅರ್ಧ ಮೈಲಿ ಹೋಗಿರಬೇಕು. ಒಂದು ವೃತ್ತ ಬಂತು. ನಮ್ಮ ಊರಿನ ದೇವಸ್ಥಾನದಲ್ಲಿ ದೇವರು ಬಲಗಡೆಗೆ ಬರುವಂತೆ ಸುತ್ತುತ್ತೇವೆ. ರಸ್ತೆಯ ಎಡಗಡೆ ಓಡಿಸುವ ದೇಶಗಳಲ್ಲಿ ವೃತ್ತವನ್ನೂ ಹಾಗೆಯೇ ಸುತ್ತುತ್ತಾರೆ, ಅಂದರೆ ಶುದ್ಧ ಪ್ರದಕ್ಷಿಣೆ. ಅಮೆರಿಕದಲ್ಲಿ ಸುತ್ತುವುದು ಅಪ್ರದಕ್ಷಿಣೆ. ಈ ತತ್ತ್ವವೆಲ್ಲ ಹೊಳೆದದ್ದು ಆಮೇಲೆ. ಆಗ ನಾನು ಅಪ್ರದಕ್ಷಿಣೆಯಾಗಿ ನುಗ್ಗಿ, ತುಂಬಿದ ಬಸ್ಸೊಂದರ ಮೂತಿಗೆ ಒಂದು ಗೇಣು ದೂರದಲ್ಲಿ ನಿಂತೆ. ಎಂಜಿನ್ ಸತ್ತಿತು. ಬಸ್ಸಿನವರೆಲ್ಲ ಎದ್ದು ನಿಂತು ನನ್ನನ್ನು ನೋಡಿದರು. ಸತ್ತೇ ಹೋಗುತ್ತಿದ್ದೆವಲ್ಲ, ಇವಳನ್ನು ಕೊಂದೇ ಬಿಡುತ್ತಿದ್ದೆನಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಮಾತು ನಿಂತೇ ಹೋಯಿತು.

ಪೊಲೀಸನೊಬ್ಬ ನಿಧಾನವಾಗಿ ಬಂದು, ಮೊದಲು ಗುಡ್ ಮಾರ್ನಿಂಗ್ ಹೇಳಿ, ಎಲ್ಲಿ ಕಲಿತದ್ದು ಎಂದು ಕೇಳಿದ. "ಡೆಟ್ರಾಯಿಟ್" ಎಂದಳು ವಿಮಲಾ. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. ಆಮೇಲೆ ಅವಳು ಕೈಚೀಲ ತೆರೆದು ಏನೋ ತೆಗೆದುಕೊಟ್ಟಳು. ನೋಡಿದರೆ ಮೈಸೂರು ರಾಜ್ಯದ ಲೈಸೆನ್ಸ್ ಪುಸ್ತಕ! ಅಂಚು ಸವೆದಿತ್ತು, ಫೋಟೋದಲ್ಲಿ ಎರಡು ಜಡೆ. ಪ್ರಾಣ ಹೋಗುವ ಗಳಿಗೆಗಿಂತ ಇದು ನನಗೆ ದೊಡ್ಡ ಆಘಾತ. ಎಮ್ಮೆಯ ಟ್ರಾಫಿಕ್ಕಿನದೆಂದು ನಾನು ಹೀಯಾಳಿಸಿದ್ದ ಆ ಲೈಸೆನ್ಸನ್ನು ಅವಳು ನಾಲ್ಕು ವರ್ಷ ದಿನಾ ಕೈಚೀಲದಲ್ಲಿ ಹೊತ್ತು ತಿರುಗಿದ್ದಳು. ಪೊಲೀಸ್ ಠಾಣೆ ಪಕ್ಕದಲ್ಲೇ ಇತ್ತು, ಹತ್ತು ನಿಮಿಷದಲ್ಲಿ ಅವಳ ಹೆಸರಿಗೆ ಪ್ರವಾಸಿ ಪರವಾನಗಿ ಬರೆದುಕೊಟ್ಟರು.

ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು. ಕ್ಲಚ್ ಒತ್ತಿದಳು, ಗೇರು ಹಾಕಿದಳು. ಟಿನ್ ಡಬ್ಬಿ ಬೆಣ್ಣೆಯ ಮೇಲೆ ಹೊರಟಂತೆ ಹೊರಟಿತು. ನಾನು ಕಕ್ಕಾಬಿಕ್ಕಿ. ಎರಡೂ ಕಡೆ ಆಳೆತ್ತರದ ಕಬ್ಬು, ರಸ್ತೆ ಒಂದು ಗಾಡಿಗಷ್ಟೇ ಅಗಲ. ಎದುರಿಗೆ ಬಸ್ಸು ಬಂದರೆ ಹಿಮ್ಮುಖವಾಗಿ ಸರಿದು ಜಾಗ ಕೊಟ್ಟಳು, ಹಾರ್ನ್ ಒತ್ತಿ ಥ್ಯಾಂಕ್ಸ್ ಹೇಳಿದಳು. ಆ ದೇಶದ ಬಸ್ ಸ್ಟಾಪುಗಳ ಮೇಲೆ ಊರಿನ ಹೆಸರಿಲ್ಲ. 'ನಗರಕ್ಕೆ' ಎಂದೋ 'ನಗರದಿಂದಾಚೆಗೆ' ಎಂದೋ ಇರುತ್ತದೆ. ಹೆದ್ದಾರಿಯಿಂದ ಇಳಿಯುವ ಎಕ್ಸಿಟ್ ನಂಬರು ತಪ್ಪಿದರೆ ಇಪ್ಪತ್ತು ನಿಮಿಷ ಕಳೆದುಕೊಳ್ಳುವ ಡೆಟ್ರಾಯಿಟ್ ಕಡೆಯವರಿಗೆ ಇಷ್ಟು ಸರಳವಾದ ಲೋಕವಿದೆ ಎಂದರೆ ನಂಬಿಕೆಯಾಗದು.

'ನಗರದಿಂದಾಚೆಗೆ' ಎಂಬ ಒಂದು ಹಲಗೆಯ ಕೆಳಗೆ ಅಜ್ಜಿಯೊಬ್ಬಳು ದೀವಿಹಲಸಿನ ಬುಟ್ಟಿಯೊಂದಿಗೆ ಬಿಸಿಲಲ್ಲಿ ನಿಂತಿದ್ದಳು. ವಿಮಲಾ ನಿಲ್ಲಿಸಿದಳು. ಹಿರಿಯರೆಂದು ಮುಂದಿನ ಸೀಟು ಬಿಟ್ಟುಕೊಟ್ಟು ನಾನು ಹಿಂದಕ್ಕೆ ಹೋದೆ. ಇಬ್ಬರೂ ಹೆಂಗಸರು ಮಳೆ, ಮಕ್ಕಳು, ಮಂಡಿನೋವು ಎಲ್ಲ ಮಾತಾಡಿದರು. ಇಳಿಯುವ ಜಾಗ ಹತ್ತಿರವಾದಾಗ ಅಜ್ಜಿ ನನ್ನನ್ನು ಕನಿಕರದಿಂದ ನೋಡಿ, ಪಾಪ, ನಿನ್ನ ಗಂಡನಿಗೆ ಹುಟ್ಟಿನಿಂದಲೇ ಮಾತು ಬರುವುದಿಲ್ಲವೇ ಮಗಳೇ ಎಂದು ಕೇಳಿದಳು. ವಿಮಲಾ ಎಷ್ಟು ನಕ್ಕಳೆಂದರೆ ಕಾರನ್ನು ಪಕ್ಕಕ್ಕೆ ನಿಲ್ಲಿಸಬೇಕಾಯಿತು. ಆ ನಗುವನ್ನು ನಾನು ಮಿಶಿಗನ್‌ನಲ್ಲಿ ಕೇಳಿರಲಿಲ್ಲ.

ಊಟದ ಹೊತ್ತಿಗೆ, ಗೆಳೆಯ ಹೇಳಿದಂತೆಯೇ, ದೇಶಕ್ಕೆ ಒಂದು ಸುತ್ತು ಬಂದಿದ್ದೆವು. ಸಮುದ್ರತೀರದಲ್ಲಿ ಕೂತು, ಮರಳಿ ಬಂದ ಮಾತನ್ನೆಲ್ಲ ಬಳಸಿ ನನ್ನ ಸಿದ್ಧಾಂತ ಮಂಡಿಸಿದೆ. ಎಡಗಡೆ ಓಡಿಸುವುದು ಪ್ರದಕ್ಷಿಣೆ, ಅದು ನಮ್ಮ ರಕ್ತದಲ್ಲಿದೆ. ಅಪ್ರದಕ್ಷಿಣೆಯ ದೇಶದಲ್ಲಿ ನೀನು ಫೇಲಾದದ್ದು ಸಹಜ, ಅದಕ್ಕೆ ಬೇಸರ ಮಾಡಿಕೊಳ್ಳಬೇಡ ಎಂದೆ. ಅವಳು ಕಾಲಿನ ಮರಳು ಕೊಡವುತ್ತ ಪೂರ್ತಿ ಕೇಳಿಸಿಕೊಂಡಳು.

"ಎಡನೂ ಅಲ್ಲ, ಬಲನೂ ಅಲ್ಲ ರೀ. ಅಲ್ಲಿ ಅಪ್ಪ ನಿದ್ದೆ ಮಾಡ್ತಿದ್ರು. ಇಲ್ಲಿ ನಿಮಗೆ ಶಾಕ್ ಆಗಿ ಬಾಯಿ ಕಟ್ಟಿತ್ತು. ಅಷ್ಟೇ."

ನಾಚಿಕೆಯಾಯಿತು, ಬಿಸಿಲಿನಿಂದ ಮುಖ ಕೆಂಪಾಗಿದೆ ಎಂದು ಅವಳು ತಿಳಿದಳೋ ಏನೋ.

ಊರಿಗೆ ಬಂದ ಮೇಲೆ ಅವಳೇ ಸಲಿಕೆ ಹಿಡಿದು ಕಾರಿನ ಹಿಮ ಕೆತ್ತಿದಳು. ಎರಡು ವಾರ ಅಭ್ಯಾಸ. ಪಕ್ಕದಲ್ಲಿ ಲೈಸೆನ್ಸ್ ಇದ್ದವರು ಕೂರಲೇಬೇಕೆಂಬ ಕಾನೂನು ಇದ್ದುದರಿಂದ ಕೂತೆ, ಬಾಯಲ್ಲಿ ಅಡಿಕೆಚೂರು ಇಟ್ಟುಕೊಂಡು. ಪರೀಕ್ಷೆಯ ದಿನ ನಾನು ಬರಕೂಡದು ಎಂದಳು, ಗೆಳತಿಯೊಬ್ಬಳೊಂದಿಗೆ ಹೋದಳು. ಪಾಸಾದಳು, ಅದೇ ಅಪ್ರದಕ್ಷಿಣೆಯ ದೇಶದಲ್ಲಿ. ಅಂದಿನಿಂದ ಹಿಂದಿನ ಸೀಟನ್ನು ನಾನೇ ಆರಿಸಿಕೊಂಡೆ. ಅಲ್ಲಿಂದ ಸ್ಪೀಡೋಮೀಟರು ಕಾಣುವುದಿಲ್ಲ.

ಮಾರ್ಚಿನ ಮೊದಲ ಸೋಮವಾರ ಅವಳು ನನಗಿಂತ ಮುಂಚೆ ಮನೆ ಬಿಟ್ಟಳು. ನಾನು ಕಾಫಿ ಲೋಟ ಹಿಡಿದು ಕಿಟಕಿಯಲ್ಲಿ, ನಾಲ್ಕು ವರ್ಷ ಅವಳು ನಿಂತ ಜಾಗದಲ್ಲಿ, ನಿಂತೆ. ಕಾರು ಬೀದಿಯ ತುದಿ ಸೇರಿತು. "ಬ್ರೇಕ್!" ಎಂದೆ, ಗಾಜಿಗೆ. ಅವಳಿಗೆ ಕೇಳಿಸಲಿಲ್ಲ. ಸರಿಯಾಗಿ ನಿಲ್ಲಿಸಿ, ಎರಡೂ ಕಡೆ ನೋಡಿ, ತಿರುಗಿಕೊಂಡು ಹೋದಳು.