ಹದಿನಾಲ್ಕನೇ ಫಾರಂ

ಆ ಪ್ರೆಸ್ಸಿನಲ್ಲಿ ಪುಸ್ತಕ ಕಟ್ಟುವವನಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಆದರೆ ಅದು ಹಾಜರಿ ಪುಸ್ತಕ ಬಿಟ್ಟು ಹೊರಗೆ ಬಂದದ್ದೇ ಇಲ್ಲ. ಎಲ್ಲರ ಬಾಯಲ್ಲೂ ಅವನು ‘ಅದ್ಹೇಗೆ’. ಚಿಕ್ಕಂದಿನಲ್ಲಿ ಅಜ್ಜಿ ಕಥೆ ಹೇಳುತ್ತ, ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯ ಹೊಟ್ಟೆಯಲ್ಲಿದೆ ಎಂದರೆ ಸಾಕು, “ಅದ್ಹೇಗೆ ಅಜ್ಜಿ, ಅಲ್ಲಿ ಗಿಳಿಗೆ ಕಾಳು ಹಾಕೋರು ಯಾರು?” ಎನ್ನುತ್ತಿದ್ದ. ಅಜ್ಜಿ ತಲೆಗೊಂದು ಮೊಟಕಿ ಕಥೆ ನಿಲ್ಲಿಸುತ್ತಿದ್ದಳು. ಮೊಟಕಿದವರು ಹೋದರು, ಚಾಳಿ ಹೋಗಲಿಲ್ಲ. ಐವತ್ತು ದಾಟಿದ ಮೇಲೂ ಅವನಿಗೆ ಒಂದು ಕಥೆ ಕೈಗೆ ಸಿಕ್ಕಿತೆಂದರೆ ಮೊಸರಿನಲ್ಲಿ ಕಲ್ಲು ಹುಡುಕುವುದೇ ಕೆಲಸ.

ಅವನ ಕಸುಬೂ ಅದಕ್ಕೆ ಅನುಕೂಲವಾಗಿಯೇ ಇತ್ತು. ಅಚ್ಚಾದ ದೊಡ್ಡ ಹಾಳೆಯನ್ನು ಮಡಿಸಿದರೆ ಹದಿನಾರು ಪುಟ. ಅದಕ್ಕೆ ಒಂದು ಫಾರಂ ಎನ್ನುತ್ತಾರೆ. ಮೇಜಿನ ಮೇಲೆ ಒಂದು, ಎರಡು, ಮೂರು ಎಂದು ಫಾರಂಗಳ ರಾಶಿಯನ್ನು ಸಾಲಾಗಿ ಇಟ್ಟು, ಒಂದೊಂದರಿಂದ ಒಂದೊಂದು ಎತ್ತಿ ಸೇರಿಸಿ, ಹೊಲಿದು, ಅಂಟು ಹಾಕಿ, ರಟ್ಟು ಕಟ್ಟಿದರೆ ಪುಸ್ತಕ. ಎಲ್ಲ ಮುಗಿದ ಮೇಲೆ ಉಳಿದ, ಮಸಿ ತಗುಲಿದ ಹಾಳೆಗಳಿಂದ ಕಟ್ಟಿದ ಕೊನೆಯ ಪ್ರತಿ ಕಟ್ಟಿದವನಿಗೇ ಸೇರಬೇಕು ಎಂಬುದು ಆ ಪ್ರೆಸ್ಸಿನ ಹಳೆಯ ಪದ್ಧತಿ. ಹೀಗಾಗಿ ಅದ್ಹೇಗೆಯ ಮನೆಯ ಗೋಡೆಯ ತುಂಬ ಮಸಿ ಮೆತ್ತಿದ ಪುಸ್ತಕಗಳು. ಅದರಲ್ಲೂ ಅವನಿಗೆ ಪ್ರಾಣವೆಂದರೆ ಮಂತ್ರ ಮಾಯೆಗಳ ದಪ್ಪ ದಪ್ಪ ಕಾದಂಬರಿಗಳು. ಮೂರು ದಿನದ ದಾರಿಯನ್ನು ಸೈನ್ಯ ಒಂದೇ ರಾತ್ರಿಯಲ್ಲಿ ನಡೆದದ್ದು ಹೇಗೆ, ಹಾರುವ ಕುದುರೆ ಇದ್ದವನು ಬೆಟ್ಟವನ್ನು ಯಾಕೆ ಹತ್ತಿದ, ಎಂದೆಲ್ಲ ಚೀಟಿಯಲ್ಲಿ ಬರೆದಿಡುತ್ತಿದ್ದ.

“ಕಥೆಗೆ ಕಾಲಿಲ್ಲ ಅಂತಾರೆ. ನೀವು ನೋಡಿದ್ರೆ ಅದಕ್ಕೆ ಚಪ್ಪಲಿ ಅಳತೆ ತಗೋತಾ ಕೂತಿದೀರಿ” ಎಂದು ಹೆಂಡತಿ ನಗುತ್ತಿದ್ದಳು.

ಹೀಗಿರುವಾಗ ಅಕ್ಕನ ಕಾದಂಬರಿ ಬಂತು. ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಅದೇ ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಅಚ್ಚಿನ ಮೊಳೆ ಜೋಡಿಸಿ, ಕಂಪ್ಯೂಟರ್ ಬಂದ ಮೇಲೆ ಮನೆ ಸೇರಿದ ಹೆಂಗಸು. ಇಡೀ ಪ್ರೆಸ್ಸಿಗೇ ಅಕ್ಕ. ಮನೆಯಲ್ಲಿ ಕೂತು ಹನ್ನೊಂದು ವರ್ಷ ಯಾರಿಗೂ ಹೇಳದೆ ಬರೆದಿದ್ದರು. ಮೂರು ಸಂಪುಟದ ಕಥೆ; ಮೂರನೆಯದರ ಕೊನೆಯ ಅಧ್ಯಾಯ ಮಾತ್ರ ಬಾಕಿ. ಪ್ರೆಸ್ಸಿನ ಮಾಲೀಕರು ಹಳೆಯ ಋಣಕ್ಕೆ ಮೊದಲ ಎರಡನ್ನು ಒಟ್ಟಿಗೆ ಅಚ್ಚು ಹಾಕಲು ಒಪ್ಪಿದರು. “ಓದೋರು ಚೆನ್ನಾಗಿದೆ ಅಂದ್ರೆ ಮೂರನೇದು ಹಾಕೋಣ. ಇಲ್ಲಾಂದ್ರೆ ಇಲ್ಲ” ಎಂದರು.

ಕಾಗದ ಒಂದಿಷ್ಟೂ ದಂಡವಾಗಬಾರದೆಂದು ಅಕ್ಕ ಪ್ರತಿ ಅಧ್ಯಾಯವನ್ನೂ ಸರಿಯಾಗಿ ಹದಿನಾರು ಪುಟಕ್ಕೆ ಮುಗಿಸಿದ್ದರು. ಒಂದು ಅಧ್ಯಾಯಕ್ಕೆ ಒಂದು ಫಾರಂ. ಅಧ್ಯಾಯಗಳಿಗೆ ಹೆಸರಿಲ್ಲ, ಬರೀ ಅಂಕಿ. ಕೈಗೆ ಹತ್ತಿದ ಅಭ್ಯಾಸ ಎಲ್ಲಿಗೆ ಹೋದೀತು? ಇದನ್ನು ನೋಡಿ ಅದ್ಹೇಗೆ ಖುಷಿಯಿಂದ ತೊಡೆ ತಟ್ಟಿಕೊಂಡ. ಕಥೆಯೂ ಅವನಿಗೆ ಹಿಡಿಸಿತು. ಅದರಲ್ಲಿ ಒಬ್ಬ ಮಂತ್ರಗಾತಿ. ಒಂದು ಮಂತ್ರ ಹಾಕಿದರೆ ಅವಳ ಒಂದು ಬೆರಳು ಸ್ಪರ್ಶ ಕಳೆದುಕೊಂಡು ಮರಗಟ್ಟುತ್ತದೆ. ಹತ್ತು ಬೆರಳು, ಜೀವಮಾನಕ್ಕೆ ಹತ್ತೇ ಮಂತ್ರ. “ಇದಪ್ಪ ಲೆಕ್ಕ ಅಂದ್ರೆ” ಎಂದು ಅವನು ಹೆಂಡತಿಗೆ ಎರಡು ಸಲ ಹೇಳಿದ.

ಎರಡೂ ಸಂಪುಟಗಳ ಮುನ್ನೂರು ಮುನ್ನೂರು ಪ್ರತಿ ಕಟ್ಟಿ ಮುಗಿಸಿ, ಉಳಿದ ಹಾಳೆಗಳಿಂದ ತನ್ನ ಜೋಡಿಯನ್ನು ಕಟ್ಟಿಕೊಂಡು ಮನೆಗೆ ಒಯ್ದ. ಓದತೊಡಗಿದ. ಮೊದಲ ಸಂಪುಟದ ಹದಿನಾಲ್ಕನೇ ಅಧ್ಯಾಯಕ್ಕೆ ಬಂದಾಗ ಬೆನ್ನು ನೆಟ್ಟಗಾಯಿತು. ಹದಿಮೂರರ ಕೊನೆಗೆ ಮಂತ್ರಗಾತಿಯ ಮೂರು ಬೆರಳು ಮಾತ್ರ ಹೋಗಿದ್ದವು. ಹದಿನಾಲ್ಕರಲ್ಲಿ ಎಂಟು ಹೋಗಿವೆ. ಹದಿನೈದರಲ್ಲಿ ಅದೇ ಹೆಂಗಸು ಸೂಜಿಗೆ ದಾರ ಪೋಣಿಸುತ್ತಿದ್ದಾಳೆ. ಹದಿನಾಲ್ಕರಲ್ಲಿ ಅವಳ ಗೆಳೆಯ ಅಂಬಿಗ ನೀರಿನಲ್ಲಿ ಮುಳುಗಿ ಸಾಯುತ್ತಾನೆ. ಹದಿನೈದರಲ್ಲಿ ಕಾಲು ಚಾಚಿ ಕೂತು ಊಟ ಮಾಡುತ್ತಾನೆ. ಎರಡನೆಯ ಸಂಪುಟದಲ್ಲಂತೂ, ಕಣ್ಣೆದುರು ಸಾಯದೇ ಇದ್ದ ಅಂಬಿಗನಿಗಾಗಿ ಎಲ್ಲರೂ ಇದ್ದಕ್ಕಿದ್ದ ಹಾಗೆ ಅಳುತ್ತಾರೆ. ಅವನು ಚೀಟಿ ತುಂಬ ಬರೆದ. ಬರೆಯುವಾಗ ಬೇಸರವಾಗಬೇಕಿತ್ತು, ಅಲ್ಲವೇ? ಇಲ್ಲ, ಸಂತೋಷವಾಯಿತು. ಆ ಸಂತೋಷವನ್ನು ನೆನೆಸಿಕೊಂಡರೆ ಅವನಿಗೆ ಇವತ್ತಿಗೂ ಮೈ ಮುದುಡುತ್ತದೆ.

ಭಾನುವಾರ ಬೆಳಿಗ್ಗೆ ಪ್ರೆಸ್ಸಿನ ಮಹಡಿಯ ಮೇಲೆ ಬಿಡುಗಡೆ. ಬಂದವರು ಬಾಗಿಲಲ್ಲಿ ಹೆಸರು, ವಿಳಾಸ ಬರೆದು ಒಳಗೆ ಬಂದರು. ಎಪ್ಪತ್ತಮೂರು ಜನ. ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ವೇದಿಕೆಯ ಮೇಲೆ ಕೂತಿದ್ದರು. ಭಾಷಣ ಮುಗಿದ ಮೇಲೆ ಮಾಲೀಕರು, “ಯಾರಾದ್ರೂ ಏನಾದ್ರೂ ಕೇಳೋದಿದ್ರೆ ಕೇಳಬಹುದು” ಎಂದರು. ಆಗ ತಾನೇ ಪುಸ್ತಕ ಕೈಗೆ ಬಂದವರು ಏನು ಕೇಳಿಯಾರು? ಓದಿದ್ದವನು ಇಡೀ ಸಭೆಯಲ್ಲಿ ಒಬ್ಬನೇ. ಅವನು ಎದ್ದ.

“ಅಕ್ಕ, ಒಂದು ಸಣ್ಣ ಅನುಮಾನ” ಎಂದು ಶುರು ಮಾಡಿದ. ಸಣ್ಣದಂತೆ! ಬೆರಳಿನ ಲೆಕ್ಕ ಹೇಳಿದ, ಸೂಜಿ ದಾರ ಹೇಳಿದ. “ಅಂಬಿಗ ಸತ್ತ ಮೇಲೆ ಹಸಿವಾಗಿ ಎದ್ದು ಬಂದ್ನಾ ಅಥವಾ ಊಟ ಮುಗಿಸಿ ಮತ್ತೆ ಸಾಯೋಣ ಅಂತ ಬಂದ್ನಾ?” ಎಂದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದಿನ ಸಾಲಿನ ನಿವೃತ್ತ ಮೇಷ್ಟರಂತೂ ಕಣ್ಣು ಒರೆಸಿಕೊಂಡರು. ನಗು ಕೇಳಿ ಅವನಿಗೆ ಇನ್ನಷ್ಟು ಹುರುಪು ಬಂತು. “ಹನ್ನೊಂದು ವರ್ಷ ಬರೆದ್ರಿ, ಹತ್ತು ಬೆರಳು ಎಣಿಸೋಕೆ ಪುರಸೊತ್ತಾಗ್ಲಿಲ್ವಾ?” ಎಂದೂ ಹೇಳಿಬಿಟ್ಟ.

ಅಕ್ಕನ ಮುಖ ಬಿಳಿಚಿಕೊಂಡಿತು. “ಎಲ್ಲಿ, ನಿನ್ನ ಪುಸ್ತಕ ಕೊಡು” ಎಂದರು. ಅವನು ಹೆಮ್ಮೆಯಿಂದ ಒಯ್ದು ಕೊಟ್ಟ. ಅವರು ಇನ್ನೂರ ಒಂಬತ್ತನೇ ಪುಟ ತೆರೆದು ಎರಡು ಸಾಲು ಓದಿದರು. ಆಮೇಲೆ ಪುಟವನ್ನು ಅಗಲಿಸಿ, ಹೊಲಿಗೆಯ ಹತ್ತಿರ ಹೆಬ್ಬೆರಳು ಒತ್ತಿ ಏನೋ ನೋಡಿದರು. ತಲೆ ಎತ್ತಿ ಮೊದಲು ಅವನನ್ನು, ಆಮೇಲೆ ಪಕ್ಕದಲ್ಲಿದ್ದ ಮಾಲೀಕರನ್ನು ನೋಡಿದರು. ಪುಸ್ತಕ ಮುಚ್ಚಿದರು.

“ತಪ್ಪು ನನ್ನದೇ” ಎಂದರು. “ವಯಸ್ಸಾಯ್ತು ನೋಡಿ, ಮರೆತುಹೋಗಿದೆ.”

ಸಭೆ ಮುಗಿದ ಮೇಲೆ ನಾಲ್ಕು ಜನ ಅವನ ಬೆನ್ನು ತಟ್ಟಿದರು. ಮಾರನೇ ದಿನ ಮಾಲೀಕರು, “ಮೂರನೇದು ಬೇಡ ಬಿಡು. ನೀನು ಹೇಳದೇ ಇದ್ದಿದ್ರೆ ಇನ್ನೂ ಒಂದು ಹಾಕಿ ನಮ್ಮ ಮಾನ ಕಳ್ಕೋತಿದ್ವಿ” ಎಂದರು. ಅವನು ಆ ಮಾತನ್ನು ಮನೆಗೆ ಹೋಗಿ ಹೆಂಡತಿಗೆ ಒಪ್ಪಿಸಿದ. ಅವಳು ನಗಲಿಲ್ಲ. ಎದುರುಮನೆಯ ದರ್ಜಿ ಹೆಂಗಸು ಸಭೆಗೆ ಬಂದು ಎರಡೂ ಸಂಪುಟ ತಂದಿದ್ದಳು. ಇವಳು ಅದನ್ನೇ ಇಸಿದುಕೊಂಡು ಓದಲು ಕೂತಳು. ಗಂಡ ಊರೆಲ್ಲ ನಗಿಸಿದ ತಪ್ಪು ಎಂಥದ್ದು ಎಂದು ನೋಡುವ ಕುತೂಹಲ.

ನಾಲ್ಕನೇ ದಿನ ಅವನು ಮಧ್ಯಾಹ್ನದ ಊಟಕ್ಕೆ ಬಂದಾಗ ಅವಳು ಕೇಳಿದಳು: “ರೀ, ಅಂಬಿಗ ಎಷ್ಟನೇ ಅಧ್ಯಾಯದಲ್ಲಿ ಸಾಯೋದು ಅಂದ್ರಿ?”

“ಹದಿನಾಲ್ಕು.”

“ಮೊದಲನೇ ಸಂಪುಟದ್ದಾ? ಅದರಲ್ಲಿ ಅವನು ದಡದಲ್ಲಿ ಕೂತು ಬಲೆ ಹೆಣೀತಿದಾನೆ. ಗುಂಡುಕಲ್ಲಿನ ಹಾಗೆ ಇದಾನೆ.”

“ಸರಿಯಾಗಿ ನೋಡು.”

“ನೀವೇ ನೋಡಿ.”

ಅವನು ಕೈ ತೊಳೆದು ನೋಡಿದ. ಬಲೆ ಹೆಣೆಯುತ್ತಿದ್ದ. ಮಂತ್ರಗಾತಿಯ ಮೂರೇ ಬೆರಳು ಹೋಗಿದ್ದವು. ತನ್ನ ಪ್ರತಿ ತಂದು ಪಕ್ಕಕ್ಕಿಟ್ಟ. ತನ್ನ ಎರಡನೆಯ ಸಂಪುಟದ ಹದಿನಾಲ್ಕು ತೆರೆದ. ಅಲ್ಲಿ ಕೂತಿದ್ದ ಅಂಬಿಗ, ಬಲೆ ಹೆಣೆಯುತ್ತ. ಎರಡು ಸಂಪುಟಕ್ಕೂ ಹದಿನಾಲ್ಕನೇ ಫಾರಂ ಇದೆ. ಎರಡಕ್ಕೂ ಅಂಕಿ ಹದಿನಾಲ್ಕೇ, ಪುಟ ಇನ್ನೂರ ಒಂಬತ್ತರಿಂದ ಇನ್ನೂರ ಇಪ್ಪತ್ತನಾಲ್ಕೇ. ಬೇಗ ಓದುವ ಆಸೆಗೆ ಎರಡರ ಉಳಿಕೆ ಹಾಳೆಗಳನ್ನೂ ಒಂದೇ ಮೇಜಿನ ಮೇಲೆ ಹರಡಿಕೊಂಡು, ಇದನ್ನು ಅದಕ್ಕೆ, ಅದನ್ನು ಇದಕ್ಕೆ ಸೇರಿಸಿ ಹೊಲಿದಿದ್ದ. ಹೊಸದಾಗಿ ಸೇರಿದವನೂ ಮಾಡಬಾರದ ತಪ್ಪು.

ಅಕ್ಕ ಹೆಬ್ಬೆರಳಿಟ್ಟು ನೋಡಿದ್ದು ಫಾರಂ ಅಂಕಿಯ ಪಕ್ಕದಲ್ಲಿ ಸಣ್ಣದಾಗಿ ಅಚ್ಚಾಗಿದ್ದ ಸಂಪುಟದ ಗುರುತನ್ನು ಎಂಬುದು ಆಗ ಹೊಳೆಯಿತು. ಆ ಗಳಿಗೆಯಲ್ಲೇ ಅವರಿಗೆ ಎಲ್ಲವೂ ಗೊತ್ತಾಗಿತ್ತು. ಮಾಲೀಕರನ್ನು ಯಾಕೆ ನೋಡಿದರು ಎಂಬುದೂ ಹೊಳೆಯಿತು. ಹಿಂದಿನ ವರ್ಷ ಇವನು ಮುನ್ನೂರು ಪಾಠಪುಸ್ತಕಕ್ಕೆ ರಟ್ಟು ತಲೆಕೆಳಗಾಗಿ ಕಟ್ಟಿದ್ದ. “ಇನ್ನೊಂದ್ಸಲ ಹೀಗಾದ್ರೆ ನಿನ್ನ ದಾರಿ ನೀನು ನೋಡ್ಕೋ” ಎಂದು ಮಾಲೀಕರು ಗದರಿದಾಗ ಅಕ್ಕ ಹಸ್ತಪ್ರತಿ ಹಿಡಿದು ಅಲ್ಲೇ ನಿಂತಿದ್ದರು.

“ತನ್ನ ತಟ್ಟೇಲಿ ಹೆಗ್ಗಣ ಬಿದ್ದಿತ್ತು” ಎಂದಳು ಹೆಂಡತಿ, ಮೆಲ್ಲಗೆ. ಗಾದೆಯ ಉಳಿದರ್ಧ ಹೇಳಲಿಲ್ಲ. “ಹೋಗಿ ಹೇಳ್ತೀರಿ ತಾನೆ?”

“ಹೇಳ್ತೀನಿ” ಎಂದ. ಹೇಳಲಿಲ್ಲ.

ಇವತ್ತು ಮಾಲೀಕರ ಮುಖ ಸರಿಯಿಲ್ಲ, ನಾಳೆ ಹೇಳೋಣ ಎಂದುಕೊಂಡ. ನಾಳೆ ಅವರ ಮುಖ ತುಂಬ ಚೆನ್ನಾಗಿತ್ತು, ಯಾಕೆ ಕೆಡಿಸಬೇಕು ಎಂದುಕೊಂಡ. ತನ್ನದೊಂದೇ ಪ್ರತಿ ತಾನೆ ಕೆಟ್ಟಿರುವುದು, ಉಳಿದವರು ಓದಿದರೆ ನಿಜ ತಾನಾಗಿಯೇ ತಿಳಿಯುತ್ತದೆ ಎಂದೂ ಸಮಾಧಾನ ಹೇಳಿಕೊಂಡ. ಆದರೆ ತಪ್ಪು ಪುಸ್ತಕವೆಂದು ನಕ್ಕು ಎದ್ದವರು ಓದುವುದು ಎಲ್ಲಿಂದ ಬಂತು? ಪ್ರತಿಗಳು ಕಟ್ಟು ಬಿಚ್ಚದೆ ಮೂಲೆಯಲ್ಲಿ ಕೂತವು. ಪ್ರೆಸ್ಸಿನಲ್ಲಿ ಯಾರಾದರೂ ‘ತಪ್ಪು’ ಎಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ. ಅಕ್ಕನ ಬೀದಿ ಬಿಟ್ಟು ಸುತ್ತು ಹಾಕಿ ಮನೆಗೆ ಹೋಗುತ್ತಿದ್ದ. ಹೀಗೆ ಆರು ವಾರ. ಮಾಡಿದ ತಪ್ಪಿಗಿಂತ ಆ ಆರು ವಾರದ್ದೇ ಅವನಿಗೆ ಹೆಚ್ಚು ನಾಚಿಕೆ. ಹೊಲಿಗೆಯಲ್ಲಿ ಕೈ ತಪ್ಪಬಹುದು, ದಿನಾ ಎದ್ದು ಸುತ್ತು ದಾರಿ ಹಿಡಿಯುವಾಗ ಕಾಲು ತಪ್ಪಿತು ಎನ್ನಲು ಬರುವುದಿಲ್ಲ.

ಕೊನೆಗೆ ಹೆಂಡತಿ ಅವನೊಡನೆ ಮಾತು ಬಿಟ್ಟಳು. ತಟ್ಟೆ ಇಟ್ಟು ಒಳಗೆ ಹೋಗುತ್ತಿದ್ದಳು. ಎರಡು ದಿನ ತಡೆದು, ಮೂರನೇ ದಿನ ಸಂಜೆ ಅವನು ಅಕ್ಕನ ಬಾಗಿಲು ತಟ್ಟಿದ.

ಅಕ್ಕ ಒಳಗೆ ಕರೆದು ಕುರ್ಚಿ ಕೊಟ್ಟರು. ಅವನು ಕೂರಲಿಲ್ಲ. “ಅಕ್ಕ, ಫಾರಂ ಅದಲು ಬದಲು ಮಾಡಿದ್ದು ನಾನು. ನಾಲ್ಕನೇ ದಿನಾನೇ ಗೊತ್ತಾಯ್ತು. ಹೆದರಿಕೊಂಡು ಸುಮ್ಮನಿದ್ದೆ” ಎಂದ. ಮೊನ್ನೆ ಗೊತ್ತಾಯಿತು ಎನ್ನುವುದೆಂದು ದಾರಿಯಲ್ಲಿ ನಿರ್ಧರಿಸಿದ್ದ. ಅವರ ಮುಖ ನೋಡಿದ ಮೇಲೆ ಸುಳ್ಳು ಹೊರಡಲಿಲ್ಲ.

“ನಾಲ್ಕು ದಿನ ಬೇಕಾಯ್ತಾ ನಿನಗೆ?” ಎಂದರು ಅಕ್ಕ. “ಎರಡು ದಿನದಲ್ಲಿ ಹುಡುಕ್ತೀಯ ಅಂದ್ಕೊಂಡಿದ್ದೆ. ಅಷ್ಟು ಜನರ ಮುಂದೆ ನಿನ್ನ ಕೆಲಸ ಹೋಗೋದು ಬೇಡ ಅಂತ ನಾನು ಒಪ್ಕೊಂಡೆ. ಆಮೇಲೆ ನೀನೇ ಹೋಗಿ ಹೇಳ್ತೀಯ ಅಂತ ಕಾದೆ ಕಣೋ. ದಿನಾ ಕಾದೆ. ಆ ಬೀದಿ ತುದಿಯಿಂದ ನೀನು ತಿರುಗಿ ಹೋಗೋದು ಕಿಟಕಿಯಿಂದ ಕಾಣ್ತಿತ್ತು.”

ಅವನಿಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

ಮಾರನೇ ಬೆಳಿಗ್ಗೆ, ಎಲ್ಲರೂ ಕೆಲಸಕ್ಕೆ ಕೂತ ಮೇಲೆ, ಪ್ರೆಸ್ಸಿನ ನಡುವೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಮಾಲೀಕರು ಅವನ ಪ್ರತಿಯನ್ನು ತಿರುವಿ ಹಾಕಿದರು. “ಕೈ ತಪ್ಪಿದ್ದಕ್ಕೆ ಏನಾದ್ರೂ ಅನ್ನಬಹುದಿತ್ತು. ಒಂದೂವರೆ ತಿಂಗಳು ಬಾಯಿ ಮುಚ್ಕೊಂಡಿದ್ದೀಯಲ್ಲ, ಅದಕ್ಕೆ ಏನನ್ನಲಿ?” ಎಂದರು. ಕೆಲಸದಿಂದ ತೆಗೆಯಲಿಲ್ಲ, ಫಾರಂ ಮೇಜಿನಿಂದ ಎಬ್ಬಿಸಿ, ಸಿದ್ಧವಾದ ಪುಸ್ತಕಗಳನ್ನು ಹಗ್ಗದಲ್ಲಿ ಕಟ್ಟು ಕಟ್ಟುವ ಮೂಲೆಗೆ ಹಾಕಿದರು. ಮೂರನೇ ಸಂಪುಟ ಅಚ್ಚು ಹಾಕುತ್ತೇವೆಂದು ಅವನ ಕೈಯಲ್ಲೇ ಹೇಳಿ ಕಳಿಸಿದರು. ಅವನು ಓಡುತ್ತಲೇ ಹೋದ.

ಅಕ್ಕ ಕೇಳಿಸಿಕೊಂಡರು. ಹಸ್ತಪ್ರತಿ ತರಲಿಲ್ಲ.

“ಕೊನೇ ಅಧ್ಯಾಯ ಬರೀಬೇಕು. ಬರೆಯೋಕೆ ಆಗ್ತಿಲ್ಲ” ಎಂದರು. “ಒಂದು ಸಾಲು ಬರೆದ್ರೆ ಆ ದಿನದ ನಗು ಕೇಳಿಸುತ್ತೆ. ತಪ್ಪು ನನ್ನದಲ್ಲ ಅಂತ ನನಗೆ ಗೊತ್ತು. ಆದ್ರೂ ಕೇಳಿಸುತ್ತೆ. ಪ್ರೆಸ್ಸಿನಲ್ಲಿ ಹೇಳಿದೆ ಅಂದ್ಯಲ್ಲ, ಪ್ರೆಸ್ಸಿನೋರು ನಕ್ಕಿರಲಿಲ್ಲ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಅವನು ಪ್ರೆಸ್ಸಿಗೆ ಬಂದು ಬಿಡುಗಡೆಯ ದಿನದ ವಿಳಾಸದ ಪುಸ್ತಕ ಕೇಳಿ ಪಡೆದ. ಅಂದಿನಿಂದ ಕೆಲಸ ಬಿಟ್ಟ ಮೇಲೆ ದಿನಕ್ಕೆ ಒಂದು ಮನೆ, ಎರಡು ಮನೆ. ತನ್ನ ಕೆಟ್ಟ ಪ್ರತಿಯನ್ನೂ ಒಂದು ಸರಿಯಾದ ಪ್ರತಿಯನ್ನೂ ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತು, ಎರಡೂ ತೆರೆದು ತೋರಿಸಿ, “ತಪ್ಪು ಅವರದಲ್ಲ, ನನ್ನದು” ಎನ್ನುತ್ತಾನೆ. ಬಹಳ ಮಂದಿಗೆ ಸಭೆಯೇ ಮರೆತಿದೆ. ಕೆಲವರು ಏನೋ ಮಾರಲು ಬಂದವನೆಂದು ಬಾಗಿಲು ಹಾಕಿದ್ದಾರೆ. ಹಾಕಿದರೆ ಇನ್ನೊಂದು ದಿನ ಹೋಗುತ್ತಾನೆ. ನಿವೃತ್ತ ಮೇಷ್ಟರು ಮಾತ್ರ, “ಓ, ಆ ಬೆರಳು ಎಣಿಸೋಕೆ ಬಾರದ ಹೆಂಗಸಲ್ವಾ?” ಎಂದು ಮತ್ತೊಮ್ಮೆ ನಕ್ಕರು. ಆ ಮಾತು ತನ್ನದೇ. ಅದನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಅವನಿಗೆ ಕಿವಿ ಸುಟ್ಟಂತಾಯಿತು. ಅವರ ಮನೆಯ ಮೆಟ್ಟಿಲ ಮೇಲೆ ಕೂತು ಮೊದಲಿಂದ ಎಲ್ಲ ಹೇಳಿದ. ಮೇಷ್ಟರ ನಗು ನಿಲ್ಲುವವರೆಗೂ ಹೇಳಿದ.

ಮೊನ್ನೆ ಭಾನುವಾರ ಅಕ್ಕನ ಮನೆಗೆ ಹೋಗಿದ್ದ. ಮೇಜಿನ ಮೇಲೆ ಬಿಳಿ ಹಾಳೆ ಇತ್ತು, ಪಕ್ಕದಲ್ಲಿ ಮುಚ್ಚಳ ಹಾಕಿದ ಪೆನ್ನು.

“ಅರವತ್ತೆರಡು ಮನೆ ಆಯ್ತು ಅಕ್ಕ.”

“ಇನ್ನೆಷ್ಟಿದೆ?”

“ಹನ್ನೊಂದು.”

ಅವನು ಕುರ್ಚಿ ಎಳೆದುಕೊಳ್ಳಲು ಕೈ ಹಾಕಿದ. ಅಕ್ಕ ಅವನ ಕೈಯನ್ನೇ ನೋಡುತ್ತಿದ್ದರು.

“ಅದನ್ನೂ ಮುಗಿಸ್ಕೊಂಡು ಬಾ” ಎಂದರು. “ಆಮೇಲೆ ಕೂರುವಿಯಂತೆ.”